ತೊಳೆದರೆ ಹೋಗುವ ನೀಲಿ

ಕೌಲ್ ಬಜಾರಿನ ಹೊನ್ನೂರಬೀಗೆ
ಅರವತ್ತೆಂಟೋ ಎಪ್ಪತ್ತೆರಡೋ,
ಆಧಾರ್ ಕಾರ್ಡು ಒಂದು ಹೇಳುತ್ತದೆ, ಮೊಣಕಾಲು ಇನ್ನೊಂದು.
ಮನೆಗೇ ಬರುವ ಜೀನ್ಸಿನ ಗಂಟು ಬಿಚ್ಚಿ
ಹೊಲಿಗೆಯ ಬಾಲದಾರ ಕತ್ತರಿಸುವ ಕೆಲಸ,
ಪ್ಯಾಂಟಿಗೆ ಒಂದು ರೂಪಾಯಿ.
ಉಗುರು ನೀಲಿ, ತೊಡೆಯ ಮೇಲಿನ ಸೀರೆ ನೀಲಿ,
ಸೀನಿದರೆ ಒಮ್ಮೊಮ್ಮೆ ಅದೂ.

ಹಾಗಾಗಿ ಕಣ್ಣರೆಪ್ಪೆಗೆ ನೇರಳೆ ಏರಿದಾಗ
ಯಾರೂ ಗಾಬರಿಯಾಗಲಿಲ್ಲ.
ಬಣ್ಣ ಹತ್ತೇತಿ, ಅಂದಳು ಸೊಸೆ.
ಬಣ್ಣದ ಅಲರ್ಜಿ, ಮುಲಾಮು ಬರೆದರು ಮೊದಲ ಡಾಕ್ಟರು.
ಊದಿದ ಮುಖ ನೋಡಿ ಎರಡನೆಯವರು ಥೈರಾಯ್ಡು ಅಂದರು.
ಹೆಗಲು ಸೋತಿತೆಂದಾಗ ಮೂರನೆಯವರು
ಚೀಟಿಯಿಂದ ಕಣ್ಣೆತ್ತದೆ
ವಯಸ್ಸಾಯ್ತಲ್ಲಮ್ಮ, ಅಂದರು.

ಆ ಮೂರನೆಯವರು ನಾನು.
ಮಾರ್ಚಿ ತಿಂಗಳು, ಮಂಗಳವಾರದ ಓಪಿಡಿ,
ನೂರಾ ಹದಿನಾಲ್ಕನೇ ನಂಬರು,
ಹೊರಗೆ ಬಿಸಿಲು ಗುಡ್ಡದ ಬಂಡೆ ಬೇಯಿಸುತ್ತಿತ್ತು.
ಇವು ನೆಪಗಳು.

ಎರಡನೇ ಸಲ ಬಂದಾಗ ಅವಳೇ ಪಾಠ ಹೇಳಿದಳು:
ಮೊಳಿಗೆ ತೂಗಿದ ಬುರ್ಖಾ ತೆಗಿಯಾಕ ಬರವಲ್ದು.
ಬಚ್ಚಲದಾಗ ಕುಂತ್ರ ಎಬ್ಬಿಸಾಕ ಸೊಸಿ ಬೇಕು.
ನಿನ್ನೆ ಕುಡಿದ ಚಾ ಮೂಗಿನಾಗ ಬಂತು.
ಕತ್ರಿ ಹಿಡಿಯೋ ಬೆರಳು ಮಾತ್ರ ಗಟ್ಟಿ ಅದಾವ ನೋಡಮ್ಮ.

ಬೆರಳು ಗಟ್ಟಿ, ಹೆಗಲು ಸೋತಿದೆ.
ಪುಸ್ತಕದಲ್ಲಿ ಇಂಥದೊಂದು ಸಾಲಿತ್ತು,
ಅಡಿಗೆರೆ ಕೂಡ ಎಳೆದಿದ್ದೆ, ಪರೀಕ್ಷೆಗೆ.

ಕೈ ಹಿಡಿದುಕೊಂಡೆ.
ಉಗುರಿಗೆ ಸ್ಪಿರಿಟ್ ಹತ್ತಿ ಒರೆಸಿದೆ, ಹತ್ತಿ ನೀಲಿ.
ಗೆಣ್ಣಿಗೆ ಒರೆಸಿದೆ,
ಹತ್ತಿ ಬೆಳ್ಳಗೇ ಉಳಿಯಿತು.
ಒಂದೊಂದು ಗೆಣ್ಣಿನ ಮೇಲೂ ಜೋಳದ ಕಾಳಿನಷ್ಟು ಕೆನ್ನೇರಳೆ,
ಗೆಣ್ಣು ಗೆಣ್ಣಿನ ನಡುವೆ ಏನೂ ಇಲ್ಲ.
ಸೆರಗು ಸರಿಸಿದರೆ ಕತ್ತಿನ ಹಿಂದೆ, ಹೆಗಲ ಮೇಲೆ,
ಯಾರೋ ಸನ್ಮಾನಕ್ಕೆ ಹೊದಿಸಿದ ಶಾಲಿನಂತೆ ಕೆಂಪು.

ಡರ್ಮಟೊಮಯೋಸೈಟಿಸ್, ಅಂದೆ.
ಇಷ್ಟುದ್ದ ಇದ್ದದ್ದು ಗುಣ ಆಕ್ಕೇತೇನು?
ಒಳಗಿನ ಕಾವಲುಗಾರರು ದಾರಿ ತಪ್ಪಿ
ನಿನ್ನ ಮಾಂಸದ ಮೇಲೇ ಕೈ ಮಾಡ್ಯಾರ, ಅಂದೆ.
ನಮ್ಮವರs ಅಲ್ಲೇನು, ಬೈದು ಬುದ್ಧಿ ಹೇಳು.

ಸಿ.ಕೆ. ಏಳು ಸಾವಿರದ ಚಿಲ್ಲರೆ.
ತೊಡೆಯಿಂದ ಚೂರು ತೆಗೆದು ನೋಡಿದ್ದಾಯಿತು.
ಸೊಸೆಯನ್ನು ಕಾರಿಡಾರಿಗೆ ಕರೆದೆ:
ಈ ವಯಸ್ಸಿನಲ್ಲಿ ಇದು ಒಮ್ಮೊಮ್ಮೆ ಒಂಟಿಯಾಗಿ ಬರುವುದಿಲ್ಲ,
ಬೆನ್ನ ಹಿಂದೆ ಗಡ್ಡೆಯೊಂದು ಅಡಗಿ ಕೂತಿರಬಹುದು.
ಎದೆ, ಹೊಟ್ಟೆ, ಗರ್ಭಕೋಶದ ಅಕ್ಕಪಕ್ಕ, ಕರುಳು,
ಎಲ್ಲ ಹುಡುಕಿದೆವು.
ಏನೂ ಸಿಗದ ವರದಿಯನ್ನು
ಮೂರು ಸಲ ಓದಿದೆ.

ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಸ್ಟೀರಾಯ್ಡು.
ಗಂಜಿ ಗಟ್ಟಿಯಿರಲಿ, ಕೂತೇ ಕುಡಿ.
ಬಿಸಿಲಿಗೆ ಮುಖ ಕೊಡಬೇಡ,
(ಬಳ್ಳಾರಿಯಲ್ಲಿ ನಿಂತು ಈ ಮಾತು ಹೇಳಿದೆ.)
ಈ ಹಳದಿ ಮಾತ್ರೆ ವಾರಕ್ಕೆ ಒಂದೇ ದಿನ,
ದಿನಾ ನುಂಗಿದರೆ ಇದೇ ವಿಷ.
ಹ್ಯಾಂಗ ನೆನಪಿಡ್ತಿ?
ಜುಮ್ಮಾ ಮರಿತೀನೇನವ್ವ, ಅಂದಳು.

ಸಕ್ಕರೆ ಏರಿತು, ಮುಖ ಚಪಾತಿಯಂತೆ ಉಬ್ಬಿತು,
ನಿದ್ದೆ ಬಾರದೆ ರಾತ್ರಿ ಎರಡಕ್ಕೆ ಎದ್ದು
ಅಂಗಳ ಗುಡಿಸುತ್ತಾಳೆಂದು ಸೊಸೆಯ ದೂರು.
ತಾನೇ ಎದ್ದಳೇ? ಅಂತ ಕೇಳಿದೆ.
ಸೊಸೆ ಒಂದು ಗಳಿಗೆ ಸುಮ್ಮನಿದ್ದು
ಹೌದಲ್ರೀ, ಅಂದಳು.

ನಿನ್ನೆ ಒಬ್ಬಳೇ ಆಟೋ ಇಳಿದು ಬಂದಳು.
ಗೆಣ್ಣಿನ ಕಾಳು ಉದುರಿ ಬಿಳಿಯ ಗುರುತು.
ಹೆಬ್ಬೆರಳಿನ ಬುಡದಲ್ಲಿ ಮಾತ್ರ ಏನೋ ಕಪ್ಪುನೇರಳೆ.
ನನ್ನ ಎದೆ ಡಬ್ ಅಂತು.
ಹತ್ತಿ ತಗೊಂಡು ಒರೆಸಿದೆ, ಹತ್ತಿ ನೀಲಿಯಾಯಿತು.
ಕೆಲಸಕ್ಕ ಕುಂತಿ? ಯಾರು ಹೇಳಿದ್ರು ನಿನಗ?
ದಿನಕ್ಕ ಇಪ್ಪತ್ತs ಪ್ಯಾಂಟವ್ವ, ಅಂದು ನಕ್ಕಳು.

ಚೀಟಿಯ ಕೆಳಗೆ ಬರೆದೆ:
ಮೂರು ತಿಂಗಳಿಗೆ ಮತ್ತೆ ಸ್ಕ್ಯಾನು.
ಅವಳು ಕಣ್ಣು ಕಿರಿದು ಮಾಡಿ ನೋಡಿದಳು.
ಕಮ್ಮಿ ಆತಲ್ಲ, ಇನ್ನೂ ಏನು ಹುಡುಕ್ತಿ?