ಬೆರಳೆತ್ತಿದರೆ ನಿಲ್ಲುವುದು

ನಿಟ್ಟೂರು ಸೇತುವೆಯ ಕೆಳಗೆ, ಫೆಬ್ರವರಿ.
ಕಾಫಿ ಕೊಯ್ಲು ಮುಗಿದು ಹೂಮಳೆ ಇನ್ನೂ ಬಾರದ ವಾರ.
ದಂಡೆಯುದ್ದಕ್ಕೂ ಪಂಪುಗಳು ಹೊಳೆ ಹೀರುತ್ತಿವೆ,
ಲಕ್ಷ್ಮಣತೀರ್ಥ ಈಗ ಮೊಣಕಾಲಿನಷ್ಟು.

ಹುಡುಗಿ ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡಳು,
ಮದ್ದು ಹೊಡೆಯುವ ಟ್ಯಾಂಕಿನ ಹಾಗೆ.
ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಬಳೆ,
ಹಿಂದೆ ನೀರಲ್ಲಿ ತೆವಳುವ ತಂತಿಯ ಬಾಲ.
ಹೆಸರು ದೇಚಮ್ಮ. ಮೀನಿನ ಮೇಲೆ ಡಾಕ್ಟರೇಟಂತೆ.
ಪರವಾನಗಿ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಕೊರಳಿಗೆ ತೂಗುಹಾಕಿದ್ದಾಳೆ,
ಕಳೆದ ವಾರ ಯಾರೋ ಸೇತುವೆಯಿಂದ ಕಲ್ಲೆಸೆದರು.

ನನ್ನನ್ನು ಕರೆದದ್ದು ಬಕೆಟ್ಟು ಹೊರಲು.
ಮೂವತ್ತೊಂದು ವರ್ಷ ಬಾಳೆಲೆ ಕಡೆಯ ಲೈನ್‌ಮ್ಯಾನು;
ಕರೆಂಟು ಕಂಡವರು ಒಬ್ಬರಿರಲಿ ಎಂದಳು.
ಕಂಡಿದ್ದೇನೆ.
ರಾತ್ರಿ ಲೈನಿಗೆ ಕೊಕ್ಕೆ ಹಾಕಿ ಮಡುವಿಗೆ ತಂತಿ ಬಿಟ್ಟವರನ್ನು,
ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲಿದ ಬೆರಳುದ್ದದ ಮರಿಗಳನ್ನು,
ಒಮ್ಮೆ ಅವುಗಳ ನಡುವೆ ತೇಲಿದ ಚೌಕಳಿ ಅಂಗಿಯನ್ನು,
ಅಂಗಿಯೊಳಗಿದ್ದವನನ್ನು.
ಕೊಕ್ಕೆ ಬಿಡಿಸಿದವನು ನಾನೇ.
ಕೋಲು ನೀರಿಗಿಳಿದಾಗ
ರಬ್ಬರ್ ಬೂಟಿನೊಳಗೆ ನನ್ನ ಕಾಲು
ಒಂದು ಹೆಜ್ಜೆ ಹಿಂದೆ ಹೋದದ್ದು ಅದಕ್ಕೇ.

"ನಿಮ್ಮ ಕಂಬದ ಎಸಿ ಅಲ್ಲ ಅಂಕಲ್,
ಇದು ಒಂದೇ ದಿಕ್ಕಿಗೆ, ಬಿಟ್ಟು ಬಿಟ್ಟು ಮಿಡಿಯುತ್ತೆ.
ಅದಕ್ಕೆ ಮೀನಿನ ಬೆನ್ನುಮೂಳೆ ಮುರಿಯುತ್ತೆ,
ಇದಕ್ಕೆ ಅದು ತಾನೇ ಈಜಿ ಬರುತ್ತೆ ಬಳೆಯ ಕಡೆಗೆ."
ಮೊದಲು ನೀರಿನ ಉಪ್ಪು ಅಳೆದಳು.
ಬ್ರಹ್ಮಗಿರಿಯಿಂದ ಇಳಿದ ನೀರು, ಉಪ್ಪೇ ಇಲ್ಲ,
ಕರೆಂಟು ಕೈಹಿಡಿದು ನಡೆಯಲು ಏನೂ ಇಲ್ಲ.
ಒಂದಿಷ್ಟು ಏರಿಸಿದಳು. ಮತ್ತೊಂದಿಷ್ಟು.
ಮೊದಲ ಮೀನು ತಿರುಗಿದಲ್ಲಿ ನಿಲ್ಲಿಸಿದಳು.
ಕೋಲಿನ ಹಿಡಿಯಲ್ಲೊಂದು ಗುಂಡಿ:
ಬೆರಳೆತ್ತಿದರೆ ಸಾಕು, ಹರಿವು ನಿಲ್ಲುತ್ತದೆ.

ನನ್ನ ಕಂಬಕ್ಕೆ ಅಂಥ ಗುಂಡಿ ಇರಲಿಲ್ಲ.

ಬಲೆ ಹಿಡಿದವಳು ಬೊಳ್ಳಿ, ಎರವರ ಹಾಡಿಯವಳು.
ಬೂಟು ದೊಡ್ಡದೆಂದು ಒಳಗೆ ಹಳೇ ಪೇಪರು ತುರುಕಿದ್ದಳು.
ಹುಡುಗಿಯ ಯಂತ್ರ ಹೇಳುವ ಮೊದಲೇ
ಬೊಳ್ಳಿ ಕಲ್ಲು ನೋಡಿ ಹೇಳುತ್ತಿದ್ದಳು:
ಇದರಡಿ ಹಾವುಮೀನು. ಇದರಡಿ ಕೊರವ.
ಇದರಡಿ ಏನಿಲ್ಲ, ಏಡಿ.
ಬಳೆ ಹತ್ತಿರವಾದಂತೆ
ನಿದ್ದೆಗಣ್ಣಲ್ಲಿ ಹೊಸಿಲು ದಾಟುವ ಮಕ್ಕಳ ಹಾಗೆ
ಒಂದೊಂದೇ ಬಂದವು ಸಂದಿಯಿಂದ,
ಓರೆಯಾದವು, ಹೊಟ್ಟೆ ತೋರಿದವು.
ಕೆಳಗೆ ಬೊಳ್ಳಿಯ ಬಲೆ ಆಗಲೇ ಇತ್ತು.

ಬಕೆಟ್ಟಿನಲ್ಲಿ ಲವಂಗದೆಣ್ಣೆ, ಮಂಪರಿಗೆ.
ಬಿರಿಯಾನಿ ವಾಸನೆ ಎಂದು ಬೊಳ್ಳಿ ನಕ್ಕಳು.
ಹಲಗೆಯ ಮೇಲೆ ಹದಿನಾಲ್ಕು ಸೆಂಟಿಮೀಟರು,
ತಕ್ಕಡಿಯಲ್ಲಿ ಇಪ್ಪತ್ತೊಂಬತ್ತು ಗ್ರಾಂ,
ಈಜುರೆಕ್ಕೆಯ ತುದಿ ಉಗುರಿನ ಚೂರಿನಷ್ಟು, ಸೀಸೆಗೆ.
ನಾನು ಬರೆದುಕೊಂಡೆ, ಮೀಟರು ಬರೆದ
ಅದೇ ಕೋಳಿಕಾಲು ಅಕ್ಷರದಲ್ಲಿ.

ಎಲ್ಲವೂ ಎದ್ದವು, ಒಂದು ಬಿಟ್ಟು.
ಕಿತ್ತಳೆ ರೆಕ್ಕೆಯದು. ಮದುವೆಯಾದ ಮೇಲೆ
ಇದನ್ನು ಕಂಡೇ ಇಲ್ಲ ಎಂದಿದ್ದಳು ಬೊಳ್ಳಿ.
ದೇಚಮ್ಮ ಗಡಿಯಾರ ನೋಡಿದಳು, ಮೀನು ನೋಡಿದಳು,
ಮತ್ತೆ ಗಡಿಯಾರ.

ಕೊಡಿ ಇಲ್ಲಿ, ಎಂದೆ.
ಕಾನೂರು ರಸ್ತೆಯಲ್ಲಿ, ತೊಂಬತ್ನಾಲ್ಕರ ಜುಲೈ,
ಸಪ್ಲೈ ಇಲ್ಲವೆಂದರು, ಹತ್ತಿದೆ. ಇತ್ತು.
ಹೆಲ್ಪರ್ ಅಸೈನಾರ್ ಎದೆ ಒತ್ತಿದನಂತೆ,
ಬಸ್ಸಿನವರು ಸತ್ತ ಎಂದ ಮೇಲೂ ಒತ್ತಿದನಂತೆ.
ನನಗೆ ನೆನಪಿರುವುದು ಒಂದು ಅಂಗೈಯ ತೂಕ.
ಅಂದಿನಿಂದ ಎಡಗೈಯ ಎರಡು ಬೆರಳಿಗೆ ಏನೂ ತಿಳಿಯದು,
ಬಿಸಿ ಲೋಟವೂ.

ಹರಿವಿಗೆ ಮುಖ ಮಾಡಿ ಹಿಡಿದುಕೊಂಡೆ.
ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಟಿತು,
ಅದರ ಪಾಲಿನ ಉಸಿರನ್ನು ಹೊಳೆಯೇ ಆಡುತ್ತಿತ್ತು.
ಎಷ್ಟು ಹೊತ್ತೋ.
ಬಾಲ ಮಿಸುಕಿದ್ದು ನನಗೆ ತಿಳಿಯಲಿಲ್ಲ,
ಹಿಡಿದದ್ದು ಎಡಗೈಯಲ್ಲಿ.
"ಬಿಡಿ, ಬಿಡಿ!" ಬೊಳ್ಳಿ ಕೂಗಿದಳು.
ಬೆರಳೆತ್ತಿದೆ.
ಹರಿವು ನಿಲ್ಲಲಿಲ್ಲ.

ಹಾಳೆಯಲ್ಲಿ ಕೊನೆಯ ಕಾಲಂ, ಬಿಟ್ಟ ಸಮಯ:
ಹನ್ನೊಂದು ನಲವತ್ತು ಎಂದು ಬರೆದೆ, ಅಂದಾಜಿಗೆ.
ಆಚೆ ದಂಡೆಯಲ್ಲಿ ಇನ್ನೊಂದು ಪಂಪು ಶುರುವಾಯಿತು.
ಬೊಳ್ಳಿ ಮುಂದಿನ ಕಲ್ಲಿನ ಹತ್ತಿರ ನಿಂತು
ನಮಗಾಗಿ ಕಾಯುತ್ತಿದ್ದಳು.