ಕದ ಬಡಿಯೋ ಕೈ

ಏಳು ವರ್ಷ ಸಿಂಧನೂರಾಗ
ಫೈನಾನ್ಸಿನ ವಸೂಲಿ ಮಾಡಿದ ನನ್ನ ಗಂಡ ಹುಸೇನಪ್ಪ
ಮನಿಗೆ ಬಂದರೂ ಕದ ಮೂರು ಸಲ ಬಡೀತಿದ್ದ,
ತೆರದೇ ಇರ್ತಿತ್ತು ಕದ.
ಉಪ್ಪು ಕಡಿಮಿ ಆದರ
ನಾಳಿಗಿ ಅಂತ ಗಡುವು ಕೊಡ್ತಿದ್ದ.
ಅವ ನಕ್ಕಾಗೆಲ್ಲ ನಾನು
ಯಾವ ಕಂತು ಉಳದದ ಅಂತ ಲೆಕ್ಕ ಹಾಕ್ತಿದ್ದೆ.

ಈಗ ಕುಷ್ಟಗಿ ರೋಡಿಗೆ ಮಿರ್ಚಿ ಬಂಡಿ.
ಓಂಕಾಳು ಅಂಗೈಯಾಗ ತಿಕ್ಕಿ ಮೂಸಿ ನೋಡ್ತಾನ.
ಎಣ್ಣಿ ಕಾಯೂತನಕ ಸುಮ್ಮನ ನಿಲ್ಲೋದು ಕಲ್ತಾನ.
ಆ ಸುಮ್ಮನಿರೋದು ಅವನ ಹಿಂದ
ಮನಿತನಕ ನಡಕೊಂತ ಬರ್ತದ,
ಚಪ್ಪಲಿ ಬಿಟ್ಟು ಒಳಗ ಕೂಡ್ತದ.

ರೊಕ್ಕ ಕೇಳಾಕ ಮಾತ್ರ ಬಾಯಿ ಬರಂಗಿಲ್ಲ.
ಉದ್ರಿ ಪುಸ್ತಕರೆ ಇಡು ಅಂದೆ.
ಇಟ್ಟ. ಖಾಲಿ ಅದ.

ಮೊನ್ನೆ ಶರಣಮ್ಮ ಬಂದಳು.
ಆಕಿ ಹೊಲಿಗಿ ಮಿಷನ್ನು
ಒಂದು ಮಧ್ಯಾಹ್ನ ಆಟೋಕ್ಕ ಹಾಕಿಸಿದವ ಇವನೇ.
ನಾಕು ಮಿರ್ಚಿ ತಿಂದು, ಕೈ ಒರಸಿಕೊಂಡು,
ಚಿಲ್ಲರ ಎರಡು ಸಲ ಎಣಿಸಿ ಬಂಡಿ ಮ್ಯಾಲಿಟ್ಟು
"ರಶೀದಿ ಹರಿ" ಅಂದಳು.

ಅವನ ಕೈ ತಾನಾಗೇ
ಅಂಗಿ ಜೇಬಿಗೆ ಹೋತು, ಪೆನ್ನು ಹುಡುಕಿತು,
ಅಲ್ಲೇ ಉಳೀತು.

ಎಣ್ಣಿಯಾಗ ಐದು ಮಿರ್ಚಿ ಕರ್ರಗಾಗಿದ್ದವು.
ನಾನೇ ತೆಗದೆ. ಚೆಲ್ಲಾಕ ಹೋದರ
ಬ್ಯಾಡ ಅಂದ.
ನಿಂತಲ್ಲೇ ಒಂದೊಂದಾಗಿ ತಿಂದ,
ಸುಡೂದನ್ನ,
ಊದದ.