ಹಾಲುಗಾಜು

ಮೊದಲ ಕೊಟೇಶನ್ನು ಹದಿನೆಂಟೂವರಿ ಲಕ್ಷ.
ತಾರಿಹಾಳದ ಶೆಡ್ಡಿನ್ಯಾಗ ದಾವಲಸಾಬ
ಗ್ರೀಸು ಹತ್ತಿದ ಹೆಬ್ಬಟ್ಟಿಲೆ ಮಡಚಿ ಕೊಟ್ಟಿದ್ದ;
ಆ ಕಲಿ ಇನ್ನೂ ಸೊನ್ನಿಗಳ ಮ್ಯಾಲೆ ಐತಿ.
ಮರುವರ್ಷ ಇಪ್ಪತ್ಮೂರು.
ಈ ಯುಗಾದಿಗೆ ಇಪ್ಪತ್ತೊಂಬತ್ತು,
ಟ್ಯಾಕ್ಸು ಬ್ಯಾರೆ, ಪಾಸಿಂಗು ಬ್ಯಾರೆ,
ಮಡಚೋ ಹಾಸಿಗಿ ಬೇಕಂದ್ರ ಅದೂ ಬ್ಯಾರೆ.

ಮೂರೂ ಕಾಗದ ಜ್ವಾಳದ ಡಬ್ಬಿ ತಳಕ್ಕ ಇಟ್ಟೇನಿ.
ಮೂವತ್ತೊಂದು ವರ್ಷ ಸೊಸೈಟಿ ಕೌಂಟರಿನ್ಯಾಗ ಕುಂತು
ಮಂದಿ ರೊಕ್ಕ ಎಣಿಸಿದಾಕಿ ನಾನು,
ನನಗ ಲೆಕ್ಕ ಹೇಳಬ್ಯಾಡ್ರಿ.
ಲಾಡ್ಜಿಗೆ ದಿನಕ್ಕ ಸಾವಿರದ ಎಂಟುನೂರು ಹಿಡೀರಿ.
ಇಪ್ಪತ್ತೊಂಬತ್ತು ಲಕ್ಷಕ್ಕ
ಸಾವಿರದ ಆರುನೂರಾ ಹನ್ನೊಂದು ರಾತ್ರಿ.
ವರ್ಷಕ್ಕ ಅರವತ್ತು ರಾತ್ರಿ ತಿರಿಗ್ಯಾಡಿದರೂ
ಅಸಲು ಮುಟ್ಟಾಕ ಇಪ್ಪತ್ತೇಳು ವರ್ಷ.
ನಮ್ಮವರಿಗೆ ಈಗ ಅರವತ್ತೆರಡು.
ಎಂಬತ್ತೊಂಬತ್ತಕ್ಕ ಲಾಭ ಸುರುವಾಕ್ಕೈತಿ.

ಇಪ್ಪತ್ತೇಳು.
ಅಷ್ಟ ವರ್ಷ ಅವರು ಆಂಬ್ಯುಲೆನ್ಸು ಹೊಡದದ್ದು.
ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ,
ಯಾವ ತಗ್ಗು ಎಲ್ಲೈತಿ ಅನ್ನೂದು ಬಾಯಿಪಾಠ,
ಆದರ ಒಂದೂರಾಗೂ ಇಳಿದು ಚಾ ಕುಡದವರಲ್ಲ.
ಬೆಣ್ಣಿಹಳ್ಳ ದಂಡಿ ಮೀರಿದ್ದು ನೋಡ್ಯಾರ,
ಸೈರನ್ನಿನ್ಯಾಗ ಅದರ ಸಪ್ಪಳ ಕೇಳಿಲ್ಲ.
ಎರಿ ಹೊಲದಾಗ ಕುಸುಬಿ ಹೂವಾಗಿ ನಿಂತದ್ದು
ಅವರಿಗೆ ಎಂಬತ್ತರ ಸ್ಪೀಡಿನ್ಯಾಗ
ಒಂದು ಹಳದಿ ಗೀಟು, ಅಷ್ಟ.

ರಿಟೈರಾದ ದಿನ ಶಾಲು ಮಡಚಿಟ್ಟು ಅಂದ್ರು:
'ಓಡೂದು ಸಾಕು. ನಿಲ್ಲೂ ಗಾಡಿ ಬೇಕು.'

ಮಂಗಳವಾರ ಹೋದ್ವಿ, ಕಡೀ ಮಾತಾಡಾಕ.
ದಾವಲಸಾಬ ಹೊಸಾ ಮೋಟರ್‌ಹೋಮಿನ ಬಾಗಲಾ ತಗದ.
ಒಳಗ ಮದುವಿ ಹಾಲಿನ ಸೋಫಾದ ವಾಸನಿ.
ಸಿಂಕು ಐತಿ, ಫ್ರಿಜ್ಜು ಐತಿ,
ಗ್ವಾಡ್ಯಾಗಿಂದ ಹೊರಗ ಬರೂ ಟೇಬಲ್ಲು ಐತಿ,
ಅದನ್ನ ಎಳದು ತೋರಸಾಕ ಹೋಗಿ
ಅರ್ಧಕ್ಕ ಸಿಕ್ಕೊಂಡ್ತು.
'ಇಷ್ಟ್ಯಾಕೋ ತಮ್ಮಾ?' ಅಂದೆ.
'ಚಾಸಿಸು ಏರೇತ್ರಿ ಅಕ್ಕಾರ, ಪ್ಲೈವುಡ್ಡು ಏರೇತಿ,
ಹುಡುಗರ ಪಗಾರ ಏರೇತಿ.
ನಿಮ್ಮಂಥಾವ್ರು ಬಂದ ದಿನಾ ನನ್ನ ಬಿಪೀನೂ ಏರ್ತೈತಿ.'

ನಕ್ಕು ಹೊಳ್ಳಿ ನೋಡಿದ್ರ ನಮ್ಮವರಿಲ್ಲ.

ಶೆಡ್ಡಿನ ಹಿಂದ, ಬೇವಿನ ಗಿಡದ ಬುಡಕ,
ಗುಜರಿಗೆ ಬಂದ ಒಂದು ಬಿಳೀ ಗಾಡಿ.
ಕೆಂಪು ಗುರ್ತು ಸುಲದು ಅರ್ಧ ಉಳದೈತಿ.
ನೆತ್ತಿ ಮ್ಯಾಲಿನ ದೀಪದಾಗ ಗುಬ್ಬಿ ಕಸ.
'ಅದು ಹೌದೇನ್ರಿ, ನಿಮ್ಮದು?' ಅಂದೆ.
'ಅಲ್ಲ. ಅಂಥಾದ್ದು.'
ದಾವಲಸಾಬ ಓಡಿ ಬಂದ: 'ಅಡಿವೆಪ್ಪಣ್ಣಾ,
ಆರು ಲಕ್ಷದಾಗ ಮಂಚ ಕೂಡಿಸಿ, ಒಲಿ ಕೂಡಿಸಿ ಕೊಡ್ತೇನಿ.'

'ಬ್ಯಾಡ' ಅಂದೆ ನಾನು. ಜೋರಲೇ ಅಂದೆ.
ಎಷ್ಟು ಮಂದಿ ಮಲಗಿರಬೇಕು ಇದರಾಗ.
ಎಷ್ಟು ಮಂದಿ ಎದ್ದಾರೋ.
ಕಡಿಮಿ ರೇಟಿಗೆ ಅದನ್ನೂ ಕೊಳ್ಳೂದನ?

ಅವರು ಮಾತಾಡಲಿಲ್ಲ.
ಡ್ರೈವರ್ ಸೀಟಿಗೂ ಹೋಗಲಿಲ್ಲ.
ಹಿಂದಿನ ಬಾಗಲಾ ಜಗ್ಗಿ ಒಳಗ ಹತ್ತಿ
ಸ್ಟ್ರೆಚರ್ ಇರತಿದ್ದ ಜಾಗಾದಾಗ
ಬರೇ ತಗಡಿನ ಮ್ಯಾಲೆ ಅಂಗಾತ ಮಲಗಿದ್ರು.

ಭಾಳೊತ್ತಿನ ಮ್ಯಾಲೆ,
'ಇಲ್ಲಿಂದ ಏನೂ ಕಾಣೂದಿಲ್ಲಲ್ಲೇ.
ಗರ್ಭಿಣಿ ಹೆಣಮಕ್ಕಳು ಕೇಳತಿದ್ರು,
ಯಾವ ಊರು ಬಂತಣ್ಣಾ, ಯಾವ ಊರು ಬಂತಂತ.
ಮಲಕ್ಕೋರಿ ಸುಮ್ಮ ಅಂತಿದ್ದೆ.'

ಕಿಟಕಿ ಪೂರಾ ಹಾಲಿನ ಬಣ್ಣ.
ನಾ ಮನಿ ಕೀಲಿಲೆ ಕೆರದೆ.
ಉಗುರಿನಷ್ಟು ತೆರೀತು:
ಒಂದು ಆಡಿನ ಬೆನ್ನು,
ಬೈಪಾಸಿನ ಮ್ಯಾಲೆ ಮೆಣಸಿನಕಾಯಿ ಚೀಲದ ಲಾರಿ,
ಅದರ ಮ್ಯಾಲೆ ಕುಂತ ಹುಡುಗ
ತಲಿಗೆ ಟವಲ್ ಸುತ್ತಿಕೊಂಡು ಎಲ್ಲೋ ನೋಡಾಕತ್ತಿದ್ದ.

'ತಮ್ಮಾ, ಬಿಳೀ ಗಾಜು ತಗದು
ಚೊಕ್ಕ ಕಾಣೂದು ಹಾಕಿದ್ರ ಎಷ್ಟು?'
'ಎಂಟು ಸಾವಿರ್ರಿ. ಹ್ವಾದ ತಿಂಗಳ ಆರಿತ್ತು.'
'ಏಳು' ಅಂದೆ.
'ಅಕ್ಕಾರ...'
'ಏಳು.'

ಒಳಗಿಂದ ಅವರ ದನಿ:
'ಕೆಳಗಿನ ತನಕಾ ಕೊರಸಿ ಹಾಕ್ಸು.
ಮಲಗಿದಾವ್ರಿಗೂ ಕಾಣಬೇಕು.'